ಅವಧಿಯಿಲ್ಲದ ಬೀಗ

ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರ ಕೃತಿಗಳ ಮೇಲಿನ ಕೃತಿಸ್ವಾಮ್ಯ 2021ರ ಡಿಸೆಂಬರ್ 31ಕ್ಕೆ ಮುಗಿಯಿತು. ಆಚಾರ್ಯರು ತೀರಿಕೊಂಡದ್ದು 1961ರಲ್ಲಿ. ರಚನಕಾರರು ಕಾಲವಾದ ಮರುವರ್ಷದಿಂದ ಎಣಿಸಿ 60 ವರ್ಷ ಹಕ್ಕು ವಾರಸುದಾರರದು, ಆಮೇಲೆ ಕೃತಿ ಎಲ್ಲರದು ಎನ್ನುತ್ತದೆ ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ. 1974ರಲ್ಲಿ ತೀರಿಕೊಂಡ ಜಯಚಾಮರಾಜ ಒಡೆಯರ ರಚನೆಗಳಿಗೆ ಇದೇ ಲೆಕ್ಕದಲ್ಲಿ 2034ರ ಕೊನೆಯವರೆಗೆ ರಕ್ಷಣೆ ಇದೆ. ಧ್ವನಿಮುದ್ರಣಗಳಿಗೆ ಎಣಿಕೆ ಬೇರೆ: ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಈ ಅವಧಿ ಅತಿಯಾಯಿತೆಂದು ವಾದಿಸುವವರಿದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ. ಆದರೂ ಅದಕ್ಕೊಂದು ಕೊನೆಯ ದಿನವಿದೆ, ಆ ದಿನವನ್ನು ಯಾರು ಬೇಕಾದರೂ ಲೆಕ್ಕ ಹಾಕಿ ಹೇಳಬಹುದು. ಹಾಡಿನ ಫೈಲಿಗೂ ತಂತ್ರಾಂಶಕ್ಕೂ ಕಂಪನಿಗಳು ಹಾಕುವ ಡಿಜಿಟಲ್ ಬೀಗಕ್ಕೆ ಅಂಥ ದಿನ ಗೊತ್ತುಮಾಡಿಲ್ಲ. ಹಕ್ಕಿನ ಅವಧಿ ಮುಗಿದರೂ ಅದು ತೆರೆಯುವುದಿಲ್ಲ. ಕಂಪನಿಯೇ ಮುಗಿದುಹೋದರೆ ತೆರೆಯುವ ದಾರಿಯೂ ಹೋಗುತ್ತದೆ. ಈ ಪದ್ಧತಿಯ ಮೇಲೆ ನನ್ನ ಮುಖ್ಯ ಆಕ್ಷೇಪ ಇದು. ಕನ್ನಡದಂಥ ಭಾಷೆಗೆ ಇದರಿಂದಾಗುವ ನಷ್ಟ ಇಂಗ್ಲಿಷಿಗಾಗುವ ನಷ್ಟಕ್ಕಿಂತ ದೊಡ್ಡದು. ಇಂಗ್ಲಿಷಿನ ಹಾಡೊಂದು ಒಂದು ಅಂಗಡಿಯಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಸಿಗುತ್ತದೆ. ಕನ್ನಡದ ಹಾಡನ್ನು ಎರಡನೆಯ ಸಲ ಹೊರತರುವ ಉತ್ಸಾಹ ಮಾರುಕಟ್ಟೆಗೆ ಅಪರೂಪ.

ಬೀಗ ಕೆಲಸ ಮಾಡುವ ಬಗೆ ಸರಳ. ಹಾಡಿನ ಫೈಲನ್ನು ಗೂಢಲಿಪಿಗೆ ಬದಲಾಯಿಸಿ ಮಾರುತ್ತಾರೆ. ಬಿಡಿಸುವ ಕೀಲಿ ಕಂಪನಿಯ ಸರ್ವರಿನಿಂದ ಬರಬೇಕು, ಅದನ್ನು ಒಪ್ಪುವ ತಂತ್ರಾಂಶ ನಮ್ಮ ಕಂಪ್ಯೂಟರಿನಲ್ಲಿರಬೇಕು. 2003ರಲ್ಲಿ ಆ್ಯಪಲ್ ತೆರೆದ ಐಟ್ಯೂನ್ಸ್ ಅಂಗಡಿಯಲ್ಲಿ ಕೊಂಡ ಹಾಡು ಮೊದಲು ಮೂರು, ಮುಂದೆ ಐದು ಕಂಪ್ಯೂಟರುಗಳಲ್ಲಿ ಮಾತ್ರ ಹಾಡುತ್ತಿತ್ತು. ಮೈಕ್ರೋಸಾಫ್ಟಿನ ಎಂಎಸ್‌ಎನ್ ಮ್ಯೂಸಿಕ್ ಕೂಡ ಬೀಗ ಹಾಕಿದ ಹಾಡುಗಳನ್ನೇ ಮಾರಿತು. ವ್ಯಾಪಾರ ಕೈಬಿಟ್ಟ ಮೇಲೆ 2008ರ ಏಪ್ರಿಲ್‌ನಲ್ಲಿ, ಕೀಲಿ ಕೊಡುವ ಸರ್ವರನ್ನು ಆಗಸ್ಟ್ ಕೊನೆಗೆ ನಿಲ್ಲಿಸುತ್ತೇವೆಂದು ಅದು ಗಿರಾಕಿಗಳಿಗೆ ತಿಳಿಸಿತು. ಆಮೇಲೆ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದನ್ನು ತಂದರೆ, ದುಡ್ಡು ಕೊಟ್ಟು ಕೊಂಡ ಹಾಡು ಅದರಲ್ಲಿ ಕೇಳಿಸುವುದಿಲ್ಲ. ಗಲಾಟೆಯಾದ ಮೇಲೆ ಗಡುವನ್ನು 2011ರ ಕೊನೆಯವರೆಗೆ ಮುಂದೂಡಿದರು. ಮುಂದೂಡಿದ್ದು ಒಳ್ಳೆಯದೇ, ಆದರೆ ಮುಂದೂಡುವ ಅಧಿಕಾರ ಕೊಂಡವರ ಕೈಯಲ್ಲಿರಲಿಲ್ಲ.

ಇದರ ಪಕ್ಕದಲ್ಲಿ ನಮ್ಮದೇ ರಾಜ್ಯದ ಒಂದು ಪ್ರಕರಣವನ್ನಿಟ್ಟು ನೋಡಬೇಕು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ಫ್ಲೈಟ್ ಎಂಬ ಹಾಡಿನ ಅಂಗಡಿ ತೆರೆಯಿತು. ಅಲ್ಲಿ ಮಾರಾಟವಾದವು ಬೀಗವಿಲ್ಲದ ಎಂಪಿ3 ಫೈಲುಗಳು. ವ್ಯಾಪಾರ ಗಿಟ್ಟಲಿಲ್ಲ, 2013ರ ಜೂನ್‌ನಲ್ಲಿ ಮುಚ್ಚಿದರು. ಅಲ್ಲಿ ಕೊಂಡು ಇಳಿಸಿಕೊಂಡಿದ್ದವರ ಹಾಡುಗಳು ಪೆನ್‌ಡ್ರೈವಿನಲ್ಲೋ ಹಳೆಯ ಹಾರ್ಡ್‌ಡಿಸ್ಕಿನಲ್ಲೋ ಉಳಿದಿದ್ದರೆ ಇವತ್ತಿಗೂ ಹಾಡುತ್ತವೆ. ಹೊಸ ಫೋನಿಗೆ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಎರಡು ಅಂಗಡಿಗಳೂ ಮುಚ್ಚಿದವು. ಒಂದರ ಗಿರಾಕಿಗಳು ಗಡುವಿನ ಕೆಳಗೆ ಬದುಕಿದರು, ಇನ್ನೊಂದರವರಿಗೆ ಅಂಗಡಿ ಹೋದದ್ದು ಬಿಟ್ಟರೆ ಬೇರೇನೂ ಹೋಗಲಿಲ್ಲ. ಇಷ್ಟು ನಿಚ್ಚಳವಾದ ಹೋಲಿಕೆ ಇಂಥ ವಿಷಯಗಳಲ್ಲಿ ಸುಲಭವಾಗಿ ಸಿಗುವುದಿಲ್ಲ.

ಕಳ್ಳನಕಲು ತಡೆಯಲು ಬೀಗ ಬೇಕೇಬೇಕು ಎಂಬುದು ಮೊದಲ ಎದುರುವಾದ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಅಂಗಡಿಗಳು ಖಾಲಿ ಕ್ಯಾಸೆಟ್ಟಿಗೆ ಕೇಳಿದ ಹಾಡುಗಳನ್ನು ತುಂಬಿಕೊಡುತ್ತಿದ್ದ ದಿನಗಳಿಂದ ಎಂಪಿ3 ಸಿಡಿಗಳು ಫುಟ್‌ಪಾತಿನಲ್ಲಿ ಬಿಕರಿಯಾದ ದಿನಗಳವರೆಗೆ ಕನ್ನಡದ ಧ್ವನಿಸುರುಳಿ ಕಂಪನಿಗಳು ಕಳೆದುಕೊಂಡದ್ದು ನಿಜವಾದ ಹಣ. ಹಾಗಾದರೆ ಬೀಗ ಆ ಕಳ್ಳತನವನ್ನು ತಡೆಯಿತೇ? 2005ರಲ್ಲಿ ಸೋನಿ ಬಿಎಂಜಿ ತನ್ನ ಸಂಗೀತದ ಸಿಡಿಗಳಲ್ಲಿ ನಕಲು ತಡೆಯುವ ತಂತ್ರಾಂಶ ಸೇರಿಸಿತ್ತು. ಕಂಪ್ಯೂಟರಿಗೆ ಸಿಡಿ ಹಾಕಿದರೆ ಆ ತಂತ್ರಾಂಶ ಯಜಮಾನನಿಗೆ ಕಾಣದಂತೆ ಒಳಗೆ ಅಡಗಿ ಕೂರುತ್ತಿತ್ತು, ಆ ಮರೆಯಲ್ಲಿ ವೈರಸ್‌ಗಳೂ ಅಡಗಲು ಜಾಗವಾಯಿತು. ಕೊನೆಗೆ ಲಕ್ಷಗಟ್ಟಲೆ ಸಿಡಿಗಳನ್ನು ವಾಪಸು ಪಡೆಯಬೇಕಾಯಿತು. ಈ ಕಾಟ ಅನುಭವಿಸಿದವರು ಯಾರು? ಅಂಗಡಿಗೆ ಹೋಗಿ ಪೂರ್ತಿ ಬೆಲೆ ಕೊಟ್ಟು ಅಸಲಿ ಸಿಡಿ ಕೊಂಡವರು. ಕದ್ದು ಇಳಿಸಿಕೊಂಡವರ ಫೈಲಿನಲ್ಲಿ ಆ ತಂತ್ರಾಂಶ ಇರಲೇ ಇಲ್ಲ. ಒಬ್ಬನು ಒಮ್ಮೆ ಬೀಗ ಮುರಿದರೆ ಸಾಕು, ಅಲ್ಲಿಂದ ಮುಂದೆ ಹರಿಯುವುದೆಲ್ಲ ಬೀಗವಿಲ್ಲದ ನಕಲೇ. ಕಂಪನಿಗಳಿಗೂ ಇದು ಮನವರಿಕೆಯಾಯಿತು. 2007ರ ಫೆಬ್ರವರಿಯಲ್ಲಿ ಆ್ಯಪಲ್ಲಿನ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಬೀಗ ಬೇಡವೆಂದರು. ಕೆಲವೇ ತಿಂಗಳಲ್ಲಿ ಸಂಗೀತ ಕಂಪನಿ ಇಎಂಐ ಒಪ್ಪಿತು. 2009ರಲ್ಲಿ ಐಟ್ಯೂನ್ಸ್‌ನ ಹಾಡುಗಳೆಲ್ಲ ಬೀಗ ಕಳಚಿಕೊಂಡವು. ಬೀಗ ತೆಗೆದರೆ ವ್ಯಾಪಾರವೇ ಮುಳುಗುತ್ತದೆ ಎಂದವರೇ ಬೀಗ ತೆಗೆದು ವ್ಯಾಪಾರ ಮುಂದುವರಿಸಿದರು.

ಕಲಾವಿದರ ಹೊಟ್ಟೆಪಾಡಿನ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು, ಅದಕ್ಕೆ ಉತ್ತರ ಬೇರೆ ಕಡೆ ಇದೆ. ಚಲನಚಿತ್ರಗೀತೆ ಬರೆದವರೂ ರಾಗ ಹಾಕಿದವರೂ ದಶಕಗಳ ಕಾಲ ಹಕ್ಕುಗಳನ್ನೆಲ್ಲ ಒಂದೇ ಸಲಕ್ಕೆ ಬರೆದುಕೊಟ್ಟು ಕೈತೊಳೆದುಕೊಳ್ಳಬೇಕಾಗಿತ್ತು. ಆ ಅನ್ಯಾಯವನ್ನು ಸರಿಪಡಿಸಲು ಹೊರಟದ್ದು ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿ. ಗೀತರಚನಕಾರರ ಮತ್ತು ಸಂಗೀತ ಸಂಯೋಜಕರ ಗೌರವಧನದ ಪಾಲನ್ನು ಅವರಿಂದ ಬರೆಸಿಕೊಳ್ಳದಂತೆ ಅದು ಕಟ್ಟುಮಾಡಿತು. ಡಿಜಿಟಲ್ ಬೀಗದಿಂದ ಹೆಚ್ಚಾದ ಆದಾಯವೇನಾದರೂ ಇದ್ದರೆ ಅದು ಮೊದಲು ಸೇರುವುದು ಕಂಪನಿಯನ್ನು. ಅಲ್ಲಿಂದ ಕವಿಗೆ, ಗಾಯಕಿಗೆ ಎಷ್ಟು ತಲುಪುತ್ತದೆಂಬುದನ್ನು ತೀರ್ಮಾನಿಸುವುದು ಕರಾರು ಮತ್ತು ಕಾನೂನು. ಇನ್ನು ಕಳ್ಳರ ವಿಚಾರಕ್ಕೆ ಬಂದರೆ, ಕರ್ನಾಟಕ ಸರ್ಕಾರ 2014ರಲ್ಲಿ ಗೂಂಡಾ ಕಾಯಿದೆಗೆ ತಿದ್ದುಪಡಿ ತಂದು ಡಿಜಿಟಲ್ ಅಪರಾಧಿಗಳನ್ನೂ ಆಡಿಯೊ ವೀಡಿಯೊ ನಕಲು ಮಾಡುವವರನ್ನೂ ಅದರ ವ್ಯಾಪ್ತಿಗೆ ಸೇರಿಸಿದೆ. ಮುಂಜಾಗ್ರತಾ ಬಂಧನಕ್ಕೆ ಅವಕಾಶವಿರುವ ಆ ಕಾಯಿದೆ ನನ್ನ ದೃಷ್ಟಿಯಲ್ಲಿ ಅತಿ ಕಠೋರ. ಏನೇ ಆಗಲಿ, ಬೀಗವಿಲ್ಲದಿದ್ದರೆ ಹಕ್ಕುದಾರರು ಅನಾಥರು ಎಂಬ ಮಾತು ಇಷ್ಟೆಲ್ಲ ಇರುವಾಗ ನಿಲ್ಲುವುದಿಲ್ಲ.

ಕೊಳ್ಳುವ ಹಾಡಿನಿಂದ ಹೊರಟ ಬೀಗ ಈಗ ಚಂದಾ ಆ್ಯಪ್‌ಗಳ ಒಳಗೆ ಮರಳಿ ಬಂದು ಕೂತಿದೆ. ಆ್ಯಪ್‌ನಲ್ಲಿ 'ಡೌನ್‌ಲೋಡ್' ಮಾಡಿಕೊಂಡ ಹಾಡು ಫೋನಿನಲ್ಲೇ ಇದ್ದರೂ ಆ ಆ್ಯಪ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2020ರ ಕೊನೆಗೆ ನಿಂತಿತು. ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕನ್ನು ಮುಚ್ಚುವುದಾಗಿ 2024ರ ಆಗಸ್ಟ್‌ನಲ್ಲಿ ಹೇಳಿತು. ಆ್ಯಪ್ ಮುಚ್ಚದಿದ್ದರೂ ಹಾಡು ಹೋಗಬಹುದು. ಎಚ್‌ಎಂವಿಯ ಭಾರತೀಯ ಹಾಡುಗಳ ಹಳೆಯ ಭಂಡಾರವೆಲ್ಲ ಈಗಿರುವುದು ಸಾರೇಗಾಮ ಕಂಪನಿಯ ಕೈಯಲ್ಲಿ. ಅದು ಸ್ಪಾಟಿಫೈ ಜೊತೆ ದಿಲ್ಲಿ ಹೈಕೋರ್ಟಿನಲ್ಲಿ ವ್ಯಾಜ್ಯಕ್ಕಿಳಿದಾಗ, 2019ರ ಏಪ್ರಿಲ್‌ನಲ್ಲಿ ಆ ಹಾಡುಗಳನ್ನು ತೆಗೆಯಲು ಸ್ಪಾಟಿಫೈ ಒಪ್ಪಿತು. 2020ರಲ್ಲಿ ಹೊಸ ಒಪ್ಪಂದವಾದ ಮೇಲೆ ಅವು ಮರಳಿದವು. ಆ ನಡುವಿನ ಒಂದು ವರ್ಷ ಚಂದಾ ಕಟ್ಟಿದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅದು ಬಾಡಿಗೆ ವ್ಯವಸ್ಥೆ, ಬಾಡಿಗೆಗೆ ತಕ್ಕಂತೆ ಅಗ್ಗವೂ ಹೌದು, ಇಷ್ಟು ಕಡಿಮೆ ದುಡ್ಡಿಗೆ ಲಕ್ಷಾಂತರ ಹಾಡು ಸಿಗುವಾಗ ಸ್ವಂತಕ್ಕೆ ಇಟ್ಟುಕೊಳ್ಳುವ ಹಟ ಏಕೆ ಎಂದು ಕೇಳುವವರಿದ್ದಾರೆ. ಒಬ್ಬ ಕೇಳುಗನ ಮಟ್ಟಿಗೆ ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಬಾಡಿಗೆಯಲ್ಲಿ ತಪ್ಪೇನಿಲ್ಲ. ಆದರೆ ಇಡೀ ಊರು ಬಾಡಿಗೆ ಪುಸ್ತಕವನ್ನೇ ಓದುತ್ತಿದ್ದು, ಯಾರ ಮನೆಯ ಕಪಾಟಿನಲ್ಲೂ ಒಂದು ಪ್ರತಿ ಇಲ್ಲದಿದ್ದರೆ ಮುಂದಿನ ತಲೆಮಾರು ಎಲ್ಲಿ ಹುಡುಕಬೇಕು?

ಕಪಾಟಿನಲ್ಲಿ ಪ್ರತಿ ಇದ್ದದ್ದರಿಂದಲೇ ಉಳಿದ ಸಂಗೀತ ಮೈಸೂರಿನಲ್ಲಿ ಬಹಳಷ್ಟಿದೆ. ವೀಣೆ ಶೇಷಣ್ಣನವರು ತೀರಿಕೊಂಡು ಸುಮಾರು ನೂರು ವರ್ಷವಾದರೂ ಅವರ ವೀಣೆ ಇಂದಿಗೂ ಕೇಳಸಿಗುತ್ತದೆ. ಅರಗಿನ ಗಾನತಟ್ಟೆಗಳನ್ನು ಕೊಂಡವರು ಜೋಪಾನ ಮಾಡಿದರು, ಆ ತಟ್ಟೆಗಳು ಯಾವ ಗ್ರಾಮಫೋನಿನಲ್ಲಾದರೂ ಹಾಡುತ್ತಿದ್ದವು. ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನಂಥ ಸಂಸ್ಥೆ ಹಳೆಯ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತರಲು ಸಾಧ್ಯವಾದದ್ದು ಸೂಜಿ ಇಟ್ಟರೆ ನಾದ ಬರುತ್ತಿದ್ದುದರಿಂದ. ಕೀಲಿ ಕೇಳುವ ಕಂಪನಿ ನಡುವೆ ಇರಲಿಲ್ಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂದದ್ದು 1978ರಲ್ಲಿ. ಧ್ವನಿಮುದ್ರಣದ ಹಕ್ಕು 2038ರ ಕೊನೆಗೆ ಮುಗಿಯುತ್ತದೆ. 1995ರಲ್ಲಿ ತೀರಿಕೊಂಡ ಅನಂತಸ್ವಾಮಿಯವರ ರಾಗಸಂಯೋಜನೆಯ ಹಕ್ಕು 2055ರವರೆಗೆ, 2020ರಲ್ಲಿ ಅಗಲಿದ ನಿಸಾರರ ಕವಿತೆಯ ಹಕ್ಕು 2080ರವರೆಗೆ ಇರುತ್ತದೆ. ಲೆಕ್ಕ ತೊಡಕಿನದು, ಆದರೆ ಲೆಕ್ಕವೆಂಬುದೊಂದಿದೆ. ಆ ದಿನಗಳು ಬಂದಾಗ ಕನ್ನಡಿಗರ ಮನೆಗಳಲ್ಲಿ ಆ ಸುರುಳಿಯ ಪ್ರತಿಗಳು ಅಷ್ಟೋ ಇಷ್ಟೋ ಇದ್ದೇ ಇರುತ್ತವೆ. 2024ರಲ್ಲಿ ಆ್ಯಪ್‌ಗಳಲ್ಲಿ ಮಾತ್ರ ಬಿಡುಗಡೆಯಾದ ಒಂದು ಭಾವಗೀತೆಯ ಗತಿಯೇನು? ಕಾನೂನಿನ ಪ್ರಕಾರ ಅದರ ಮುದ್ರಣ 2085ರ ಜನವರಿಯಲ್ಲಿ ಎಲ್ಲರದಾಗಬೇಕು. ಹಾಡನ್ನು ಮೆಚ್ಚಿ ಸಾವಿರ ಸಲ ಕೇಳಿದವರ ಬಳಿಯೂ ಅಂದು ಒಂದು ಪ್ರತಿ ಇರುವುದಿಲ್ಲ. ಕಂಪನಿಯ ಬಳಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ತಂತ್ರಾಂಶದಲ್ಲಿ ಇದೇ ಕಥೆಯನ್ನು ಕನ್ನಡ ಒಂದು ಸುತ್ತು ಅನುಭವಿಸಿಯಾಗಿದೆ. 1990ರ ದಶಕದಲ್ಲಿ ಅಚ್ಚುಮೊಳೆ ಬಿಟ್ಟು ಡಿಟಿಪಿಗೆ ಹೊರಳಿದ ಮುದ್ರಣಾಲಯಗಳಲ್ಲಿ ಶ್ರೀಲಿಪಿ, ಪ್ರಕಾಶಕ್‌ನಂಥ ತಂತ್ರಾಂಶಗಳು ಬಂದವು. ಮೈಸೂರಿನಂಥ ಪುಸ್ತಕಗಳ ಊರಿಗೆ ಅದೊಂದು ದೊಡ್ಡ ಬದಲಾವಣೆ. ಇಂಥ ತಂತ್ರಾಂಶ ನಡೆಯಬೇಕಾದರೆ ಕಂಪ್ಯೂಟರಿನ ಬೆನ್ನಿನ ಪ್ರಿಂಟರ್ ಪೋರ್ಟಿಗೆ ಡಾಂಗಲ್ ಎಂಬ ಪುಟ್ಟ ಸಾಧನವನ್ನು ಸಿಕ್ಕಿಸಿರಬೇಕಿತ್ತು. ಅದು ಕೆಟ್ಟರೆ ಕೆಲಸ ನಿಂತಿತು. ಮುಂದೆ ಪ್ರಿಂಟರ್ ಪೋರ್ಟ್ ಇಲ್ಲದ ಕಂಪ್ಯೂಟರುಗಳು ಬಂದಾಗ ಹಳೆಯ ಡಾಂಗಲ್ ಸಿಕ್ಕಿಸಲು ಜಾಗವೇ ಇಲ್ಲವಾಯಿತು. ಅದಕ್ಕಿಂತ ದೊಡ್ಡ ಬೀಗ ಅಕ್ಷರಗಳ ಒಳಗಿತ್ತು. ಪ್ರತಿ ತಂತ್ರಾಂಶಕ್ಕೂ ತನ್ನದೇ ಸಂಕೇತ. ಒಂದರಲ್ಲಿ ಜೋಡಿಸಿದ ಪುಟ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಅಚ್ಚಿನ ಮನೆಗಳು ವರ್ಷಗಟ್ಟಲೆ ಹಳೆಯ ಫಾಂಟುಗಳಲ್ಲೇ ಉಳಿದವು. ಹೀಗಾಗಿ ಒಂದು ಕಾಲದ ಪುಸ್ತಕಗಳ ಫೈಲು ಇದ್ದರೂ ಹುಡುಕು ಎಂದರೆ ಕಂಪ್ಯೂಟರಿಗೆ ಪದ ಸಿಗುವುದಿಲ್ಲ, ಅಂಧರಿಗೆ ಓದಿ ಹೇಳುವ ತಂತ್ರಾಂಶ ಬಾಯಿ ತೆರೆಯುವುದಿಲ್ಲ. ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದಲ್ಲಿ ಕನ್ನಡದ ಪಠ್ಯಗಳನ್ನು ಯಂತ್ರಕ್ಕಾಗಿ ಕಲೆಹಾಕುವ ಕೆಲಸ ನಡೆಯುತ್ತದೆ. ಅಂಥ ಕೆಲಸಕ್ಕೆ ಈ ಫೈಲುಗಳು ಪರಿವರ್ತನೆಯಾಗದೆ ಒದಗುವುದಿಲ್ಲ. ತಂತ್ರಾಂಶ ಬರೆದವರು ದುಡ್ಡು ಕೇಳಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. 1998ರಲ್ಲಿ ಉಚಿತವಾಗಿ ಬಂದ 'ಬರಹ' ತಂತ್ರಾಂಶ ಮುಂದೆ ಬೆಲೆ ಇಟ್ಟುಕೊಂಡಿತು, ಅದು ಬರೆದವರ ದುಡಿಮೆಯ ಬೆಲೆ. ಉಪಕರಣಕ್ಕೆ ಬೆಲೆ ಇರಲಿ. ಆ ಉಪಕರಣದಲ್ಲಿ ನಾವು ಬರೆದದ್ದು ನಮ್ಮ ಕೈಯಲ್ಲಿ ತೆರೆಯುವಂತಿರಬೇಕು.

ನಮ್ಮ ಕಾನೂನು ಈ ವಿಷಯದಲ್ಲಿ ಅಮೆರಿಕದ್ದಕ್ಕಿಂತ ವಿವೇಕದಿಂದ ನಡೆದುಕೊಂಡಿದೆ, ಅದನ್ನು ಮೆಚ್ಚಬೇಕು. ಕಾನೂನುಬದ್ಧವಾಗಿ ಪಡೆದ ತಂತ್ರಾಂಶವನ್ನು ವ್ಯಾಪಾರಕ್ಕಲ್ಲದ ಸ್ವಂತ ಬಳಕೆಗೆ ನಕಲು ಮಾಡಿಕೊಳ್ಳಲು ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಬಿಡುತ್ತದೆ. 2012ರಲ್ಲಿ ಸೇರಿದ 65ಎ ಕಲಮು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವರಿಗೆ 2 ವರ್ಷದವರೆಗೆ ಸೆರೆವಾಸ ಹೇಳುತ್ತದೆ. ಕಾಯಿದೆ ನಿಷೇಧಿಸದ ಉದ್ದೇಶಕ್ಕೆ ಮುರಿದರೆ ಅಪರಾಧವಲ್ಲ. ಆದರೆ ಮುರಿಯಲು ಇನ್ನೊಬ್ಬರ ನೆರವು ಬೇಕಾದರೆ, ನೆರವಾದವರು ಕೇಳಿದವರ ಹೆಸರು, ವಿಳಾಸ, ಉದ್ದೇಶ ಎಲ್ಲವನ್ನೂ ದಾಖಲಿಸಿಟ್ಟುಕೊಳ್ಳಬೇಕು. ಅಕ್ಕಪಕ್ಕದ ಕಂಪ್ಯೂಟರ್ ರಿಪೇರಿಯವನು ಇಷ್ಟು ತಲೆನೋವು ಹಚ್ಚಿಕೊಳ್ಳುವುದಿಲ್ಲ, ಸ್ವಂತವಾಗಿ ಮುರಿಯುವ ವಿದ್ಯೆ ಸಾಮಾನ್ಯ ಬಳಕೆದಾರರಿಗಿಲ್ಲ. ಕಾಗದದ ಮೇಲೆ ಹಕ್ಕಿದೆ, ಬಳಸುವ ಕೈ ಇಲ್ಲ.

ಎಲ್ಲ ಬೀಗಗಳನ್ನೂ ನಾಳೆಯೇ ನಿಷೇಧಿಸಿ ಎಂದು ಕೇಳುವುದು ಕಾರ್ಯಸಾಧ್ಯವಲ್ಲ. ಚಂದಾ ವ್ಯವಸ್ಥೆ ನಿಂತಿರುವುದೇ ಅದರ ಮೇಲೆ. ಸಾಧ್ಯವಿರುವ ಒಂದು ಕೆಲಸವಿದೆ. ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯಿದೆಯ ಪ್ರಕಾರ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲಿ ಗೊತ್ತಾದ ಸಾರ್ವಜನಿಕ ಗ್ರಂಥಾಲಯಗಳಿಗೆ ಕಳಿಸಬೇಕು. ಮುಂದೆ ಪತ್ರಿಕೆಗಳೂ ಅದರೊಳಗೆ ಬಂದವು; ಧ್ವನಿಮುದ್ರಣಗಳು ಬರಲಿಲ್ಲ. ಕನ್ನಡದಲ್ಲಿ ಬಿಡುಗಡೆಯಾಗುವ ಪ್ರತಿ ಹಾಡಿನ ಬೀಗವಿಲ್ಲದ ಒಂದು ಪ್ರತಿಯನ್ನು ಮೈಸೂರಿನಲ್ಲೇ ಇರುವ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ನಿಯಮವನ್ನು ರಾಜ್ಯ ಸರ್ಕಾರ ತನ್ನ ಧನಸಹಾಯಕ್ಕೆ ಷರತ್ತಾಗಿ ಮೊದಲು ಜಾರಿಗೆ ತರಬಹುದು: ಸಹಾಯಧನ ಪಡೆದ ಸಿನಿಮಾ, ಇಲಾಖೆಯ ನೆರವು ಪಡೆದ ಭಾವಗೀತೆ, ಜನಪದ ಗೀತೆಗಳ ಸಂಗ್ರಹ. ಪ್ರತಿ ಸೋರಿಹೋಗುತ್ತದೆಂದು ಕಂಪನಿಗಳು ಅಂಜುತ್ತವೆ. ಅಂಜಿಕೆ ನಿಜವೇ ಆದರೆ ಹಕ್ಕಿನ ಅವಧಿ ಮುಗಿಯುವವರೆಗೆ ಅದನ್ನು ವಿಶ್ವವಿದ್ಯಾಲಯದ ಒಳಗೆ ಕೂತು ಕೇಳಲು ಮಾತ್ರ ಕೊಡಲಿ, ಹೊರಗೆ ಬಿಡುವುದು ಬೇಡ. ಖರ್ಚಿನ ಮಾತು ಬಂದರೆ, ಒಂದು ಹಾಡಿನ ಉತ್ತಮ ಗುಣಮಟ್ಟದ ಫೈಲಿಗೆ ಬೇಕಾಗುವುದು ಕೆಲವು ಹತ್ತು ಎಂಬಿ ಜಾಗ. ಅದರ ಜೊತೆಗೆ ಕವಿ, ಸಂಯೋಜಕ, ಗಾಯಕರ ಹೆಸರು ಮತ್ತು ಬಿಡುಗಡೆಯ ತಾರೀಖನ್ನು ಯೂನಿಕೋಡ್ ಕನ್ನಡದಲ್ಲಿ ಬರೆದಿಡಬೇಕು, ಯಾವ ಹಕ್ಕು ಯಾವ ವರ್ಷ ಮುಗಿಯುತ್ತದೆಂಬ ಲೆಕ್ಕವನ್ನೂ ಅಂದೇ ಹಾಕಿಡಬೇಕು.