ಕಾಂಚಳಿಯ ಮಾದರಿ

ಬಾಲಿಕೆಯರ ಉಡುಪಿನ ಮಾದರಿಯೆಂಬುದು ಕಾಗದದೊಡನೆಯೇ ಹುಟ್ಟಿತೆನ್ನುವವರುಂಟು. ಅಮೆರಿಕದ ಎಬೆನೇಜರ್ ಬಟರಿಕ್ ಎಂಬ ದರ್ಜಿಯು 1863ರಲ್ಲಿ ಅಳತೆಗೊಂದರಂತೆ ಕಾಗದದ ಮಾದರಿಗಳನ್ನು ಮಾರಲಾರಂಭಿಸಿದನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪಶ್ಚಿಮದ ತಾಯಂದಿರು ಹೆಣ್ಣುಮಕ್ಕಳ ಫ್ರಾಕುಗಳನ್ನು ಅಂಥವುಗಳಿಂದಲೇ ಕತ್ತರಿಸುತ್ತಿದ್ದರು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಲಂಬಾಣಿ ತಾಂಡಾಗಳಿಗೆ ಈ ಮಾತು ಸಲ್ಲದು.

ಅಲ್ಲಿಯ ರವಿಕೆಗೆ ಕಾಂಚಳಿಯೆಂದು ಹೆಸರು. ಸಂಸ್ಕೃತದ ಕಂಚುಲಿಕೆಗೆ ಇದು ಬಂಧುವೆಂಬುದು ಸ್ಪಷ್ಟ. ಅಮರನು ಹೇಳಿದ ಕೂರ್ಪಾಸಕವು ನಮ್ಮ ಕುಪ್ಪಸವಾಯಿತು. ಕುಪ್ಪಸವು ಬೆನ್ನನ್ನು ಮುಚ್ಚುವುದು. ಕಾಂಚಳಿಯ ಬೆನ್ನಾದರೋ ತೆರೆದಿದ್ದು ದಾರಗಳಿಂದ ಬಿಗಿಯಲ್ಪಡುವುದು. ಫೇಟಿಯಾ ಎಂಬ ಲಂಗವೂ ಲಾಡಿಯಿಂದಲೇ ನಿಲ್ಲುವುದು. ಹುಡುಗಿಯು ಬೆಳೆದಂತೆ ಗಂಟನ್ನು ಸಡಿಲಿಸಿದರಾಯಿತು. ವರ್ಷಕ್ಕೊಂದು ಅಳತೆಯನ್ನು ಬೇಡುವುದು ಗುಂಡಿಯಿಟ್ಟು ಹೊಲಿದ ಫ್ರಾಕು.

ಬಟ್ಟೆಯ ತುಂಡು, ಕನ್ನಡಿ, ಕವಡೆಗಳನ್ನು ಎಲ್ಲೆಲ್ಲಿ ಕೂಡಿಸಬೇಕೆಂಬುದು ತಾಯಿಯಿಂದ ಮಗಳಿಗೆ ಬಂದ ಪಾಠ. ಬರೆಹವಿಲ್ಲದುದಕ್ಕೆ ಕ್ರಮವೇ ಇಲ್ಲವೆಂದರೆ ಗುರುಮುಖದಿಂದ ವೇದವನ್ನು ಕಲಿತ ನಮ್ಮಂಥವರೇ ಮೊದಲು ತಲೆತಗ್ಗಿಸಬೇಕಾದೀತು!

2023ರಲ್ಲಿ ಹಂಪೆಯಲ್ಲಿ ಲಂಬಾಣಿ ಕಸೂತಿಯ 1755 ವಸ್ತುಗಳು ಒಟ್ಟಿಗೆ ಪ್ರದರ್ಶಿತವಾಗಿ ಗಿನ್ನೆಸ್ ದಾಖಲೆಯಾಯಿತು, ಸಂತೋಷವೇ. ಕಸೂತಿಯನ್ನು ಮೆಚ್ಚಿದವರು ಅದರಡಿಯ ಕತ್ತರಿಕೆಯನ್ನೂ ನೋಡಬೇಕು. ಕಾಂಚಳಿಯೊಂದಕ್ಕೆ ಎಷ್ಟು ತುಂಡು, ಯಾವುದು ಮೊದಲು ಎಂಬುದನ್ನು ತಾಂಡಾದ ಮುದುಕಿಯರ ಬಾಯಿಂದಲೇ ಕೇಳಿ ಬರೆದುಕೊಳ್ಳಬಹುದು.