ಕೀಲಿಕೈ ಯಾರ ಕೈಯಲ್ಲಿ?

ಜಹೀರ್ ರೈಹಾನ್ ಅವರ ಬಂಗಾಳಿ ಚಿತ್ರ ‘ಜೀಬನ್ ಥೇಕೆ ನೇಯಾ’ 1970ರ ಏಪ್ರಿಲ್‌ನಲ್ಲಿ ತೆರೆಕಂಡಾಗ ಢಾಕಾ ಇನ್ನೂ ಪಾಕಿಸ್ತಾನದ್ದು, ಮೇಲೆ ಸೇನಾಡಳಿತ. ಅಯೂಬ್ ಖಾನ್ ಇಳಿದು ಯಾಹ್ಯಾ ಖಾನ್ ಬಂದಿದ್ದರು, ಅಷ್ಟೆ. ಜನರಲ್‌ಗಳನ್ನು ನೇರವಾಗಿ ಬೈಯುವಂತಿರಲಿಲ್ಲ. ಹಾಗಾಗಿ ರೈಹಾನ್ ಒಂದು ಮನೆಯ ಜಗಳ ಹೇಳಿದರು. ಆ ಮನೆಯ ಕೀಲಿಕೈ ಗೊಂಚಲು ಹಿರಿಯಕ್ಕನ ವಶ. ತಮ್ಮಂದಿರಿಬ್ಬರೂ ಗಪ್‌ಚಿಪ್, ಹಾಡಿನ ಹುಚ್ಚಿರುವ ಗಂಡ ಅವಳ ಕಣ್ಣು ತಪ್ಪಿಸಿ ಹಾಡಬೇಕು. ಕೊನೆಗೆ ಮನೆಯ ಗೋಡೆಗಳ ಮೇಲೇ ಪೋಸ್ಟರ್‌ಗಳು ಏಳುತ್ತವೆ!

ಚಿತ್ರದ ಮೊದಲರ್ಧದ ಜೀವ ಈ ತುಂಟತನದಲ್ಲಿದೆ. ಬೀದಿಯ ಚಳವಳಿ ಅಡುಗೆಮನೆಗೆ ನುಗ್ಗಿದಾಗ ನಗು ಬರುತ್ತದೆ, ಆ ನಗುವಿನಲ್ಲೇ ಭಯವೂ ಕರಗುತ್ತದೆ. ರೌಶನ್ ಜಮೀಲ್ ಅಕ್ಕನ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ, ಅವರು ತೆರೆಯ ಮೇಲಿಲ್ಲದಾಗಲೂ ಮನೆಯವರು ಮೆಲ್ಲಗೇ ಮಾತಾಡುತ್ತಾರೆ.

ಕಥೆಗಿಂತ ದೊಡ್ಡವು ಅದರೊಳಗೆ ಬಂದು ಕೂತ ಹಾಡುಗಳು. ‘ಅಮಾರ್ ಸೋನಾರ್ ಬಾಂಗ್ಲಾ’ವನ್ನು ಟ್ಯಾಗೋರ್ ಬರೆದದ್ದು 1905ರಲ್ಲಿ, ವೈಸರಾಯ್ ಕರ್ಜನ್ ಬಂಗಾಳವನ್ನು ಎರಡು ಮಾಡಿದಾಗ. ಆ ವಿಭಜನೆಯನ್ನು 1911ರಲ್ಲಿ ಹಿಂದಕ್ಕೆ ಪಡೆದದ್ದು ಕಲ್ಕತ್ತೆಯ ಭದ್ರಲೋಕಕ್ಕೆ, ಅಂದರೆ ಓದುಬಲ್ಲ ಮೇಲ್ವರ್ಗಕ್ಕೆ, ಗೆಲುವಾಗಿ ಕಂಡರೆ, ಪೂರ್ವದ ಅನೇಕ ಮುಸ್ಲಿಮರಿಗೆ ಕೈಗೆ ಬಂದದ್ದು ಜಾರಿದಂತಿತ್ತು. ಮುಂದೆ ಪಾಕಿಸ್ತಾನ ಕೇಳಿದ ಮುಸ್ಲಿಂ ಲೀಗ್ ಹುಟ್ಟಿದ್ದೂ 1906ರಲ್ಲಿ, ಢಾಕಾದಲ್ಲೇ. 1947ರಲ್ಲಿ ಬಂಗಾಳ ಮತ್ತೆ ಎರಡಾಯಿತು, ಪೂರ್ವದ ಅರ್ಧ ಪಾಕಿಸ್ತಾನಕ್ಕೆ ಸೇರಿತು. ಟ್ಯಾಗೋರ್ ಗೀತೆಗಳು ಬೇಡವೆಂದು ಪಾಕಿಸ್ತಾನ ಸರ್ಕಾರ 1967ರಲ್ಲಿ ರೇಡಿಯೊಗೆ ಕಡಿವಾಣ ಹಾಕಿದ ಮೇಲೆ, ಆ ಹಾಡನ್ನು ಅದೇ ಪೂರ್ವ ಬಂಗಾಳದ ಮುಸ್ಲಿಮರು ತಮ್ಮದಾಗಿಸಿಕೊಂಡರು. ಒಡೆಯಬೇಡಿ ಎಂದು ಹುಟ್ಟಿದ ಹಾಡು ಒಡೆದ ಅರ್ಧದ ಸ್ವಾಭಿಮಾನದ ಹಾಡಾಯಿತು. ಈ ತಿರುವನ್ನು ರೈಹಾನ್ ವಿವರಿಸಲು ಹೋಗುವುದಿಲ್ಲ, ಸುಮ್ಮನೆ ಹಾಡಿಸುತ್ತಾರೆ.

ಫೆಬ್ರುವರಿ 21ರ ಪ್ರಭಾತಫೇರಿಯಂತೂ ನಟನೆಯಲ್ಲ. 1952ರ ಬಂಗಾಳಿ ಭಾಷಾ ಚಳವಳಿಯ ಹುತಾತ್ಮರಿಗಾಗಿ ಶಹೀದ್ ಮಿನಾರ್‌ಗೆ ಬರಿಗಾಲಲ್ಲಿ ನಡೆದ ನಿಜವಾದ ಜನರ ನಡುವೆ ಕ್ಯಾಮೆರಾ ನಿಂತಿದೆ. ಆ ಚಳವಳಿಯಲ್ಲಿ ರೈಹಾನ್ ಸ್ವತಃ ಜೈಲು ಕಂಡವರು.

ಆಮೇಲೆ ಚಿತ್ರ ಜಾರುತ್ತದೆ. ವಿಷಪ್ರಾಶನ, ಬಂಧನ, ಕೋರ್ಟು, ಕಟಕಟೆಯಲ್ಲಿ ಬಯಲಾಗುವ ಸತ್ಯ: ಆ ಕಾಲದ ಯಾವುದೇ ಕೌಟುಂಬಿಕ ಚಿತ್ರದ ಸರಕು. ರಾಜಕೀಯ ಅನ್ಯಾಯ ಒಬ್ಬಳ ಕ್ರಿಮಿನಲ್ ಕೇಸಾಗಿ ಕುಗ್ಗುತ್ತದೆ. ನನ್ನ ದೊಡ್ಡ ತಕರಾರು ಬೇರೆ. ಬೂಟುಗಾಲಿನ ಗಂಡಸರ ಆಡಳಿತಕ್ಕೆ ಘಟವಾಣಿ ಹೆಂಗಸಿನ ವೇಷವೇಕೆ? ಹೆಣ್ಣು ಯಜಮಾನಿಕೆ ಮಾಡಿದರೆ ಮನೆ ಕೆಡುತ್ತದೆಂಬ ಹಳೆಯ ನಂಬಿಕೆಯೇ ಇಲ್ಲಿನ ಹಾಸ್ಯದ ಬಂಡವಾಳ. ಕನ್ನಡ ಸಿನಿಮಾದ ಅತ್ತೆಯರನ್ನು ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಸೆನ್ಸಾರಿನ ಕಣ್ಣಿಗೆ ಮಣ್ಣೆರಚಲು ಬೇಕಿತ್ತು ಎನ್ನಬಹುದು. ಒಪ್ಪೋಣ, ಆದರೂ ಬೆಲೆ ತೆತ್ತದ್ದು ಕಥೆ.

ಗೊಂಚಲು ತಮ್ಮಂದಿರ ಹೆಂಡತಿಯರ ಕೈಗೆ ಬಂದಾಗ ಅಕ್ಕ-ತಂಗಿಯರಾದ ಅವರಲ್ಲೇ ಬಿರುಕು ಬೀಳುವ ಭಾಗ ಮಾತ್ರ ಈಗ ಹೆಚ್ಚು ಚುಚ್ಚುತ್ತದೆ. ರೈಹಾನ್ ಆ ಬಿರುಕನ್ನೂ ಮನೆಯ ಹಿರಿಯಕ್ಕನ ಪಿತೂರಿಗೇ ಕಟ್ಟಿ ಕೈತೊಳೆದುಕೊಂಡರು. ಆದರೆ ಇತಿಹಾಸದಲ್ಲಿ ಬಿರುಕು ಒಳಗಿನಿಂದಲೇ ಬಂತು: 1975ರಲ್ಲಿ ಸ್ವಾತಂತ್ರ್ಯದ ನಾಯಕ ಮುಜೀಬರನ್ನು ಕೊಂದವರು ಸ್ವತಂತ್ರ ಬಾಂಗ್ಲಾದೇಶದ ಸೇನಾಧಿಕಾರಿಗಳೇ. ಅದನ್ನು ನೋಡಲು ರೈಹಾನ್ ಇರಲಿಲ್ಲ. 1972ರ ಜನವರಿಯಲ್ಲಿ, ಅಪಹರಣವಾಗಿದ್ದ ಅಣ್ಣನನ್ನು ಹುಡುಕುತ್ತ ಢಾಕಾದ ಮೀರ್‌ಪುರಕ್ಕೆ ಹೋದವರು ಮರಳಲಿಲ್ಲ.