ಬೈಲಕುಪ್ಪೆಯಲ್ಲಿ ಕುಳಿತು ‘ಸಾರ್ಥ’ ಓದುವುದು

ಭೈರಪ್ಪನವರ ಕಾದಂಬರಿಯನ್ನು ಕೈಗೆತ್ತಿಕೊಂಡ ಓದುಗರ ಕೂಟ ಸಾಮಾನ್ಯವಾಗಿ ಕಾಫಿ ಬರುವುದರೊಳಗೆ ಎಡ–ಬಲದ ಜಗಳಕ್ಕೆ ಇಳಿದಿರುತ್ತದೆ. 1998ರಲ್ಲಿ ಬಂದ ‘ಸಾರ್ಥ’ಕ್ಕೂ ಇದು ತಪ್ಪಿದ್ದಲ್ಲ. ಆ ಗದ್ದಲದಲ್ಲಿ ಇದು ಒಬ್ಬ ನಟನ ಪ್ರೇಮಕಥೆಯೂ ಹೌದೆಂಬುದು ಮರೆತೇ ಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಕೂಟವೊಂದು ಇದನ್ನು ಓದುವುದಾದರೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲೇ ಕುಳಿತು ಓದಲಿ. ಕಾದಂಬರಿಯ ಬಲವೂ ಕೊರತೆಯೂ ಅಲ್ಲಿ ಬೇಗ ಕಣ್ಣಿಗೆ ಬೀಳುತ್ತವೆ.

ಕಥೆ ಎಂಟನೆಯ ಶತಮಾನದ್ದು. ವ್ಯಾಪಾರದ ಗುಟ್ಟು ತಿಳಿದು ಬಾ ಎಂದು ಪಂಡಿತ ನಾಗಭಟ್ಟನನ್ನು ಸಾರ್ಥದ, ಅಂದರೆ ವ್ಯಾಪಾರಿಗಳ ತಂಡದ, ಜೊತೆ ಕಳಿಸಿದ ರಾಜ ಅಮರುಕ, ಇತ್ತ ಅವನ ಹೆಂಡತಿಯನ್ನೇ ತನ್ನವಳಾಗಿಸಿಕೊಳ್ಳುತ್ತಾನೆ. ಊರಿಗೆ ಮರಳುವ ಮನಸ್ಸಿಲ್ಲದ ಪಂಡಿತ ಮಥುರೆಯಲ್ಲಿ ಬಣ್ಣ ಹಚ್ಚಿ ಕೃಷ್ಣನಾಗುತ್ತಾನೆ. ಜೊತೆಗೆ ಅಭಿನಯಿಸುವ ಚಂದ್ರಿಕೆಯ ಮೇಲೆ ಅವನಿಗೆ ಮೋಹ. ಅವಳೋ ಯೋಗಸಾಧನೆಗೆ ಬಿದ್ದವಳು; ಸ್ನೇಹ ಕೊಡುತ್ತಾಳೆ, ಅದರಾಚೆಗೆ ಬಿಟ್ಟುಕೊಳ್ಳುವುದಿಲ್ಲ. ರಂಗದ ಮೇಲೆ ದೇವರಾಗಿ, ಚೌಕಿಯಲ್ಲಿ ಬಯಕೆಯಿಂದ ಬೇಯುವವನ ಈ ಭಾಗ ಕಾದಂಬರಿಯ ಜೀವ. ‘ಸತ್ಯ ಮತ್ತು ಸೌಂದರ್ಯ’ ಎಂಬ ವಿಷಯದ ಮೇಲೆ ಬರೋಡದಲ್ಲಿ ಡಾಕ್ಟರೇಟ್ ಪಡೆದ ಲೇಖಕರು ಆ ಪ್ರಶ್ನೆಯನ್ನು ಇಲ್ಲಿ ಒಬ್ಬ ಗಂಡಸಿನ ಮೈಮನಸ್ಸಿನೊಳಗೇ ಇಟ್ಟು ನೋಡಿದ್ದಾರೆ.

ನಳಂದೆಗೆ, ಮಂಡನಮಿಶ್ರ–ಶಂಕರರ ವಾದಕ್ಕೆ ಬಂದಾಗ ಬರವಣಿಗೆ ಬಿಗಿಯಾಗುತ್ತದೆ, ಉಸಿರೂ ಕಟ್ಟುತ್ತದೆ. ಸೋತರೆ ಮಂಡನಮಿಶ್ರ ಸಂನ್ಯಾಸಿ, ತೀರ್ಪು ಹೇಳಬೇಕಾದವಳು ಅವನ ಹೆಂಡತಿ ಭಾರತಿ. ಇದಕ್ಕಿಂತ ಒಳ್ಳೆಯ ನಾಟಕ ಬೇಕೆ? ಆದರೂ ಪುಟಗಟ್ಟಲೆ ಸಿದ್ಧಾಂತ ಸಾಗುತ್ತದೆ. ಬೈಲಕುಪ್ಪೆಯ ಸೆರಾ ಮಠದ ಅಂಗಳದಲ್ಲಿ ಭಿಕ್ಷುಗಳ ವಾದ ನೋಡಿದವರಿಗೆ ವ್ಯತ್ಯಾಸ ಹೊಳೆಯುತ್ತದೆ. ಪ್ರಶ್ನಿಸುವವನು ನಿಂತು, ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಕುಳಿತವನು ಒಪ್ಪಿದೆ, ಏಕೆ, ವ್ಯಾಪ್ತಿಯಿಲ್ಲ ಎಂಬಷ್ಟರಲ್ಲೇ ತಪ್ಪಿಸಿಕೊಳ್ಳಬೇಕು. ತಡವರಿಸಿದರೆ ಸುತ್ತಲಿದ್ದವರು ನಗುತ್ತಾರೆ. ಅಲ್ಲಿ ಓದುವುದು ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’ದಂಥ ಒಣ ತರ್ಕವನ್ನು, ಆಡುವುದು ಮಾತ್ರ ಅಪ್ಪಟ ರಂಗಭೂಮಿಯನ್ನು. ಮಥುರೆಯ ರಂಗಕ್ಕೆ ಅಷ್ಟು ಜೀವ ತುಂಬಿದ ಲೇಖಕರು ವಾದದ ಅಂಗಳದಲ್ಲಿ ನಟರನ್ನು ಕೂರಿಸಿ ಉಪನ್ಯಾಸ ಕೊಡಿಸಿದ್ದಾರೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಮೀಮಾಂಸಕ ಕುಮಾರಿಲಭಟ್ಟನಿಗೆ ಕಾದಂಬರಿಯಲ್ಲಿ ದೊಡ್ಡ ನಿಲುವಿದೆ. ಎದುರಿಗೆ ಬೌದ್ಧರ ಕಡೆ ಅಷ್ಟೇ ತೂಕದವರು ಯಾರೂ ಇಲ್ಲ. ಇತಿಹಾಸದಲ್ಲಿ ಇದ್ದರು. ಅದೇ ಎಂಟನೆಯ ಶತಮಾನದ, ನಳಂದೆಯ ಶಾಂತರಕ್ಷಿತ ತನ್ನ ‘ತತ್ತ್ವಸಂಗ್ರಹ’ದಲ್ಲಿ ಕುಮಾರಿಲನ ವಾದಗಳನ್ನು ಅವನ ಶ್ಲೋಕಗಳ ಸಮೇತ ಎತ್ತಿಕೊಂಡು ಖಂಡಿಸುತ್ತಾನೆ. ಟಿಬೆಟ್ಟಿಗೆ ಹೋಗಿ ಸಮ್ಯೆ ಮಠಕ್ಕೆ ಅಡಿಪಾಯ ಹಾಕಿದವನೂ ಅವನೇ. ಅಲ್ಲಿ ಅವನ ಜೊತೆಗಾರನಾಗಿದ್ದ ಪದ್ಮಸಂಭವನ ಚಿನ್ನದ ಬಣ್ಣದ ಮೂರ್ತಿಯ ಮುಂದೆ ನಮ್ಮವರು ರಜೆ ಬಂದರೆ ಸಾಕು, ಸೆಲ್ಫಿ ತೆಗೆದುಕೊಳ್ಳುತ್ತಾರೆ: 1963ರಲ್ಲಿ ಬೈಲಕುಪ್ಪೆಯಲ್ಲೇ ಶುರುವಾದ ನಾಮ್‌ಡ್ರೋಲಿಂಗ್ ಮಠದ ‘ಗೋಲ್ಡನ್ ಟೆಂಪಲ್’ನಲ್ಲಿ. ‘ತತ್ತ್ವಸಂಗ್ರಹ’ 1926ರಲ್ಲೇ ಅಚ್ಚಾಗಿತ್ತು, ಅದೂ ಲೇಖಕರು ಡಾಕ್ಟರೇಟ್ ಪಡೆದ ಬರೋಡದಲ್ಲೇ. ಎದುರಾಳಿ ಗಟ್ಟಿಯಾಗಿದ್ದಿದ್ದರೆ ನಾಗಭಟ್ಟನ ಸಂದೇಹಗಳೂ ಇನ್ನಷ್ಟು ನಿಜವಾಗುತ್ತಿದ್ದವು.

ಕೊನೆಯಲ್ಲಿ ಕಾದಂಬರಿ ಮತ್ತೆ ಚೇತರಿಸಿಕೊಳ್ಳುತ್ತದೆ. ಮೂಲಸ್ಥಾನದ (ಇಂದಿನ ಮುಲ್ತಾನ್) ಸೆರೆಯಲ್ಲಿ ಬಲಾತ್ಕಾರಕ್ಕೊಳಗಾಗಿ ಗರ್ಭಿಣಿಯಾದ ಚಂದ್ರಿಕೆಯ ಮುಂದೆ ನಾಗಭಟ್ಟನ ಶಾಸ್ತ್ರ, ಅಭಿನಯ ಎರಡೂ ಕೆಲಸಕ್ಕೆ ಬರುವುದಿಲ್ಲ. ಕೂಟದವರು ಜಗಳ ಆಡಲೇಬೇಕೆಂದಿದ್ದರೆ ಈ ಅಧ್ಯಾಯದ ಮೇಲೆ ಆಡಲಿ.